ವೇಣೂರಿನ ಒಂದು ಗುರುವಾರ: ಶಾಸನದ ತೇದಿಯನ್ನು ನಾವೇ ಪರೀಕ್ಷಿಸುವುದು ಹೇಗೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದಾ ಅಂತ ಆಗಾಗ ಕೇಳ್ತಾರೆ. ಬೆಳಿಗ್ಗೆ ಬೇಗ ಹೊರಟರೆ ಧಾರಾಳವಾಗಿ ನೋಡಬಹುದು. ನಾನು ಹಿಡಿಯುವ ದಾರಿ ಇದು: ಬಂಟ್ವಾಳದಿಂದ ಗುರುವಾಯನಕೆರೆ, ಅಲ್ಲಿಂದ ವೇಣೂರು, ಮಧ್ಯಾಹ್ನದ ನಂತರ ಮೂಡುಬಿದಿರೆ. ನೋಡುವುದಷ್ಟೇ ಅಲ್ಲ, ಓದಬೇಕು ಕೂಡ ಅನ್ನುವವರು ವೇಣೂರಿಗೆ ಹೆಚ್ಚು ಹೊತ್ತು ಕೊಡಿ. ಯಾಕೆ ಅಂತ ಹೇಳ್ತೇನೆ.

ಮೊದಲು ಬಂಟ್ವಾಳ. ಪಾಣೆಮಂಗಳೂರಿನ ಹತ್ತಿರ ನೇತ್ರಾವತಿಯ ದಡದಲ್ಲಿ ನಿಂತರೆ ರೋಮಿನ ನೆನಪಾಗುತ್ತದೆ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಕೇರಳದ ಮುಚಿರಿ ಬಂದರಿನ ಬಗ್ಗೆ ಬರೆಯುತ್ತಾ, ಅದರ ಆಸುಪಾಸಿನಲ್ಲಿ ‘ನಿತ್ರಿಯಾಸ್’ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಎಚ್ಚರಿಸುತ್ತಾನೆ. ಇದು ನೇತ್ರಾವತಿಯ ಸೀಮೆಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಇಲ್ಲಿ ಬೆರಳಿಟ್ಟು ತೋರಿಸಲು ರೋಮನ್ ಗೋಡೆಯೂ ಇಲ್ಲ, ಕಂಬವೂ ಇಲ್ಲ. ದೂರದಲ್ಲಿ ಕೂತವನು ಬರೆದ ಒಂದು ಹೆಸರು ಮಾತ್ರ. ಯಾವ ದಿನ, ಯಾರು, ಯಾವ ಜಾಗ, ಒಂದೂ ಸಿಗುವುದಿಲ್ಲ. ಶಾಸನದ ಬೆಲೆ ಗೊತ್ತಾಗುವುದು ಇಂಥಲ್ಲೇ.

ಈಗ ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಬನ್ನಿ. ಫಲ್ಗುಣಿ ನದಿಯ ದಡದಲ್ಲಿ ಸುಮಾರು 35 ಅಡಿ ಎತ್ತರದ ಗೊಮ್ಮಟ. ಎಲ್ಲರೂ ತಲೆಯೆತ್ತಿ ಮುಖ ನೋಡಿ ಹೊರಡುತ್ತಾರೆ. ಮೂರ್ತಿಯ ಎರಡು ಪಕ್ಕಗಳಲ್ಲಿ ಶಾಸನಗಳಿವೆ, ಒಂದು ಸಂಸ್ಕೃತದಲ್ಲಿ, ಇನ್ನೊಂದು ಕನ್ನಡದಲ್ಲಿ. ಜರ್ಮನ್ ವಿದ್ವಾಂಸ ಹುಲ್ಟ್ಶ್ ಇವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 7ನೇ ಸಂಪುಟದಲ್ಲಿ ಪ್ರಕಟಿಸಿದರು.

ಸಂಸ್ಕೃತ ಶಾಸನದಲ್ಲಿ ಶಕವರ್ಷವನ್ನು ಅಂಕೆಯಲ್ಲಿ ಕೊಟ್ಟಿಲ್ಲ, ಪದಗಳಲ್ಲಿ ಹೇಳಿದೆ: ವಿಷಯ, ಅಕ್ಷಿ, ಶರ, ಇಂದು. ಇಂದ್ರಿಯಗಳ ವಿಷಯ ಐದು, ಕಣ್ಣು ಎರಡು, ಮನ್ಮಥನ ಬಾಣ ಐದು, ಚಂದ್ರ ಒಂದು. ಇಂಥ ಸಂಖ್ಯಾಪದಗಳನ್ನು ಬಲದಿಂದ ಎಡಕ್ಕೆ ಓದಬೇಕು ಅನ್ನುವುದು ನಿಯಮ. ಹಾಗಾಗಿ 5-2-5-1 ಎಂಬುದು 1525 ಆಗುತ್ತದೆ. ಇದು ಕಳೆದ ಶಕವರ್ಷ. ಅದಕ್ಕೆ 78 ಸೇರಿಸಿದರೆ 1603. ಆದರೆ ತಿಂಗಳು ಫಾಲ್ಗುಣ, ಚಾಂದ್ರಮಾನ ವರ್ಷದ ಕೊನೆಯ ತಿಂಗಳು. ಅಷ್ಟು ಹೊತ್ತಿಗೆ ಜನವರಿ ದಾಟಿರುತ್ತದೆ, ಆದ್ದರಿಂದ 1604.

ಇದನ್ನು ನಂಬುವುದು ಹೇಗೆ? ಶಾಸನವೇ ಸಾಕ್ಷಿಗಳನ್ನು ಕೊಡುತ್ತದೆ. ಸಂವತ್ಸರ ಶೋಭಕೃತು. 2023-24 ಕೂಡ ಶೋಭಕೃತು. ಅಲ್ಲಿಂದ ಏಳು ಅರವತ್ತು, ಅಂದರೆ 420 ವರ್ಷ ಹಿಂದೆ ಹೋದರೆ 1603-04. ಸರಿಹೊಂದಿತು. ತಿಥಿ ಶುಕ್ಲ ದಶಮಿ, ನಕ್ಷತ್ರ ಪುಷ್ಯ. ಫಾಲ್ಗುಣದ ಹುಣ್ಣಿಮೆಯಂದು ಚಂದ್ರ ಪುಬ್ಬೆ-ಉತ್ತರೆಗಳ ಆಸುಪಾಸಿನಲ್ಲಿರುತ್ತಾನೆ. ಅಲ್ಲಿಂದ ನಾಲ್ಕೈದು ದಿನ ಹಿಂದಕ್ಕೆ ಎಣಿಸಿದರೆ ಪುಷ್ಯದ ಹತ್ತಿರಕ್ಕೇ ಬರುತ್ತೇವೆ. ಕೊನೆಯ ಸಾಕ್ಷಿ ವಾರ: ಗುರುವಾರ. ಲೆಕ್ಕ ಹಾಕಿದರೆ ಬರುವ ದಿನ 1604ರ ಮಾರ್ಚ್ 1, ಅಂದು ಗುರುವಾರವೇ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಮೊಬೈಲಿನಲ್ಲಿ 1604ರ ಮಾರ್ಚ್ 1 ಅಂತ ಹಾಕಿದರೆ ಬೇರೆ ವಾರ ಬರಬಹುದು. ಪುಸ್ತಕ ತಪ್ಪು ಅಂತ ಆತುರ ಬೇಡ. 1582ರಲ್ಲಿ ರೋಮಿನ ಪೋಪ್ 13ನೇ ಗ್ರೆಗೊರಿ ಕ್ಯಾಲೆಂಡರಿನಿಂದ ಹತ್ತು ದಿನ ಕಿತ್ತುಹಾಕಿದ. ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಇಂಗ್ಲೆಂಡ್ ಇದನ್ನು ಒಪ್ಪಿದ್ದು 1752ರಲ್ಲಿ. ಬ್ರಿಟಿಷ್ ಕಾಲದ ಶಾಸನ ಸಂಪುಟಗಳಲ್ಲಿ ಅದಕ್ಕೂ ಹಿಂದಿನ ತೇದಿಗಳನ್ನು ಸಾಮಾನ್ಯವಾಗಿ ಜೂಲಿಯಸ್ ಸೀಸರನ ಹಳೆಯ ಲೆಕ್ಕದಲ್ಲೇ ಕೊಟ್ಟಿರುತ್ತಾರೆ. ಹೊಸ ಲೆಕ್ಕದಲ್ಲಿ ವೇಣೂರಿನ ದಿನ 1604ರ ಮಾರ್ಚ್ 11. ವಾರದ ಸರಪಳಿ ಮಾತ್ರ ಎಲ್ಲೂ ಕಡಿಯಲಿಲ್ಲ, ಎರಡರಲ್ಲೂ ಅದು ಗುರುವಾರವೇ. ಪಾಣೆಮಂಗಳೂರಿನಲ್ಲಿ ಸಿಗದ ರೋಮ್ ನಮ್ಮ ತೇದಿಗಳಲ್ಲಿ ಹೀಗೆ ಉಳಿದಿದೆ ನೋಡಿ.

ತೇದಿಯ ಜೊತೆ ಕುಟುಂಬವನ್ನೂ ಓದಿ. ಮೂರ್ತಿಯನ್ನು ನಿಲ್ಲಿಸಿದವನು ತಿಮ್ಮರಾಜ, ಅಜಿಲ ಮನೆತನದವನು. ಪ್ರೇರಣೆ ಬೆಳ್ಗೊಳದ ಚಾರುಕೀರ್ತಿ ಗುರುಗಳದು. ತಿಮ್ಮರಾಜ ಯಾರು ಅಂತ ಹೇಳಲು ಶಾಸನ ತಾಯಿ ಪಾಂಡ್ಯಕದೇವಿಯ ಹೆಸರು ಹೇಳುತ್ತದೆ, ಅಣ್ಣ ಪಾಂಡ್ಯನ ಹೆಸರು ಹೇಳುತ್ತದೆ, ರಾಯಕುವರನ ಅಳಿಯ ಅನ್ನುತ್ತದೆ. ಬೇರೆ ಕಡೆ ಮೊದಲು ಬರುವ ‘ಇಂಥವನ ಮಗ’ ಎಂಬ ತಂದೆಯ ಗುರುತು ಇಲ್ಲಿ ಮುಖ್ಯವಲ್ಲ. ಅಧಿಕಾರ ಮಾವನಿಂದ ಅಳಿಯನಿಗೆ ಬರುವ ತುಳುನಾಡಿನ ಅಳಿಯ ಸಂತಾನ ಪದ್ಧತಿಯೇ ಕಲ್ಲಿನ ಮೇಲೆ ಕೂತಿದೆ.

ಇಲ್ಲಿಂದ ಮೂಡುಬಿದಿರೆ. ಹೋಗುವ ಮುಂಚೆ ಒಂದು ಎಚ್ಚರಿಕೆ: ಶಾಸನಗಳಲ್ಲಿ ‘ವೇಣುಪುರ’ ಅಂತ ಕಂಡರೆ ಅದು ವೇಣೂರಲ್ಲ, ಮೂಡುಬಿದಿರೆ. ಬಿದಿರು ಸಂಸ್ಕೃತದಲ್ಲಿ ವೇಣು ಆಗಿದೆ, ಅಷ್ಟೇ. 1430ರ ಸಾವಿರ ಕಂಬದ ಬಸದಿ ಇಲ್ಲಿನ ಮುಖ್ಯ ಆಕರ್ಷಣೆ; ವಿಜಯನಗರದ ಇಮ್ಮಡಿ ದೇವರಾಯನ ಕಾಲದ್ದು. ಮುಂದಿನ ಭೈರಾದೇವಿ ಮಂಟಪದ ಬುಡದ ಪಟ್ಟಿಕೆಗಳಲ್ಲಿ ಜಿರಾಫೆಯೂ ಚೀನೀ ಡ್ರ್ಯಾಗನ್ನೂ ಇವೆ. ಕಡಲ ವ್ಯಾಪಾರದಿಂದ ಬಂದ ಪರಿಚಯ ಅಂತ ಸಾಮಾನ್ಯವಾಗಿ ವಿವರಿಸುತ್ತಾರೆ.

ಸಂಜೆಗೆ ಕೊಡಂಗಲ್ಲಿನ ಜೈನ ಸಮಾಧಿಗಳಿಗೆ ಹೋಗಿ. ಹಂತ ಹಂತವಾಗಿ ಕಿರಿದಾಗುತ್ತಾ ಮೇಲೇರುವ 18 ರಚನೆಗಳು. ಶಾಸನ ಇರುವುದು ಎರಡಕ್ಕೆ ಮಾತ್ರ. ಉಳಿದ 16ರ ಎದುರು ನಿಂತು ಇದು ಯಾರದು, ಯಾವಾಗಿನದು ಅಂತ ಕೇಳಿದರೆ ಕಲ್ಲು ಬಾಯಿ ಬಿಡುವುದಿಲ್ಲ. ವೇಣೂರಿನಲ್ಲಿ ನಾಲ್ಕು ಪದ ಅಳಿಸಿದರೂ ಸಂವತ್ಸರ, ತಿಥಿ, ನಕ್ಷತ್ರ, ವಾರ ಸೇರಿ ವರ್ಷವನ್ನು ಮತ್ತೆ ಹಿಡಿದುಕೊಡಬಲ್ಲವು. ಇಲ್ಲಿ ಹಿಡಿದುಕೊಡಲು ಏನೂ ಇಲ್ಲ.

ಅದಕ್ಕೇ ಒಂದು ಕೋರಿಕೆ. ಜೀರ್ಣೋದ್ಧಾರದ ಹೆಸರಲ್ಲಿ ಅಕ್ಷರಗಳ ಮೇಲೆ ಸುಣ್ಣ, ಎನಾಮಲ್ ಬಣ್ಣ, ಸಿಮೆಂಟು ಬೀಳುವುದು ನಮ್ಮ ಕಡೆ ಹೊಸತಲ್ಲ. ಊರಿನ ಶಾಸನವನ್ನು ಈಗಲೇ, ಓರೆ ಬೆಳಕಿನಲ್ಲಿ, ಅಡಿಪಟ್ಟಿ ಪಕ್ಕಕ್ಕಿಟ್ಟು ಚಿತ್ರ ತೆಗೆದಿಡಿ. ಅಕ್ಷರ ಎದ್ದು ಕಾಣಲಿ ಅಂತ ಸೀಮೆಸುಣ್ಣ ತುಂಬಬೇಡಿ, ಉಜ್ಜಬೇಡಿ. ತೇದಿ ಸಿಕ್ಕಿದರೆ ವಾರ ಇದೆಯಾ ಅಂತ ಮೊದಲು ನೋಡಿ. ವರ್ಷವನ್ನು ನಾವು ತಪ್ಪು ಓದಿದ್ದರೆ ತಿಥಿ ಮತ್ತು ವಾರ ಒಂದಕ್ಕೊಂದು ಹೊಂದುವುದು ಕಷ್ಟ.