ಪಾದದ ಬಲಕ್ಕೆ ಗಾಳಿಯ ನೆರವು

ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯಿಂದ 1950ರಲ್ಲಿ ಹೊಸ ಬಗೆಯ ವ್ಯಾನೊಂದು ಹೊರಬಂದಿತು. ಎಂಜಿನ್ನು ಹಿಂದೆ, ಚಾಲಕ ತೀರ ಮುಂದೆ, ನಡುವೆ ಒಂದು ಪುಟ್ಟ ಕೋಣೆಯಷ್ಟು ಬರಿಯ ಜಾಗ. ಮರುವರ್ಷ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯು ಆ ಜಾಗದಲ್ಲಿ ಹಾಸಿಗೆ, ಮೇಜು, ಕಪಾಟುಗಳನ್ನು ಅಳವಡಿಸಿ ಅದನ್ನು ಸಂಚಾರದ ಮನೆಯನ್ನಾಗಿ ಮಾಡಿತು. ಜರ್ಮನಿಯಲ್ಲಿ 1967ರವರೆಗೆ ತಯಾರಾದ ಆ ಮೊದಲ ತಲೆಮಾರಿನ ವ್ಯಾನುಗಳನ್ನು ಜತನದಿಂದ ಉಳಿಸಿಕೊಂಡು, ಸಂಸಾರಸಮೇತ ಪ್ರವಾಸ ಹೊರಡುವವರು ಯೂರೋಪಿನಲ್ಲಿ ಇಂದಿಗೂ ಉಂಟು. ಅವರನ್ನು ಕಾಡುವ ಚಿಂತೆ ಬ್ರೇಕಿನದು. ಮೊದಲ ವ್ಯಾನಿನ ಎಂಜಿನ್ನಿಗೆ ಇದ್ದುದು 25 ಅಶ್ವಶಕ್ತಿ. ಅದರ ನಿಧಾನಗತಿಗೆ ಚಾಲಕನ ಪಾದಬಲವೇ ಸಾಕಾಗಿತ್ತು. ಇಂದಿನ ಹೆದ್ದಾರಿಯ ವೇಗದಲ್ಲಿ ಹಾಗಲ್ಲ. ಆದ್ದರಿಂದ ಹಲವರು ಇಂಥ ವ್ಯಾನಿಗೆ ‘ಸರ್ವೊ’ ಎಂಬ ಸಹಾಯಕ ಯಂತ್ರವನ್ನು ಜೋಡಿಸಿಕೊಳ್ಳುತ್ತಾರೆ. ಅದರಿಂದ ದೊರೆಯುವುದೇನು, ದೊರೆಯದೆ ಉಳಿಯುವುದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಮೂಲ ಬ್ರೇಕಿನ ಕ್ರಮವನ್ನು ನೋಡಬೇಕು. ಪೆಡಲು ಒಂದು ಸನ್ನೆಕೋಲು. ಅದನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ದ್ರವದ ಮೇಲೆ ಒತ್ತಡ ಬೀಳುತ್ತದೆ. ಆ ಒತ್ತಡ ಕೊಳವೆಗಳ ಮೂಲಕ ನಾಲ್ಕು ಚಕ್ರಗಳನ್ನೂ ಮುಟ್ಟಿ, ಡ್ರಮ್ಮಿನೊಳಗಿನ ಬ್ರೇಕ್ ಷೂಗಳನ್ನು ಹೊರಕ್ಕೆ ಒತ್ತುತ್ತದೆ. ಷೂ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲುತ್ತದೆ.

ಸರ್ವೊ ಈ ವ್ಯವಸ್ಥೆಯ ನಡುವೆ ಬಂದು ಕೂಡುವ ಒಂದು ಡಬ್ಬಿ. ಅದರೊಳಗೆ ಅಡ್ಡಲಾಗಿ ರಬ್ಬರಿನ ಪೊರೆ. ಎಂಜಿನ್ನು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವ ಕೊಳವೆಗೆ ಈ ಡಬ್ಬಿಯನ್ನು ಸೇರಿಸಿದರೆ ಪೊರೆಯ ಎರಡು ಬದಿಯ ಗಾಳಿಯೂ ವಿರಳವಾಗುತ್ತದೆ. ಚಾಲಕ ಪೆಡಲನ್ನು ಒತ್ತಿದೊಡನೆ ಕವಾಟವೊಂದು ತೆರೆದು, ಒಂದು ಬದಿಗೆ ಹೊರಗಿನ ಗಾಳಿಯನ್ನು ಬಿಡುತ್ತದೆ. ಆ ಗಾಳಿ ಪೊರೆಯನ್ನು ತಳ್ಳುತ್ತದೆ. ಪೊರೆ ಬ್ರೇಕಿನ ದ್ರವವನ್ನು ಒತ್ತುತ್ತದೆ.

ನಿರ್ವಾತ ಸೆಳೆಯುತ್ತದೆ ಎಂದು ನಾವು ವಾಡಿಕೆಯಲ್ಲಿ ಹೇಳುವುದುಂಟು. ಇಲ್ಲದ ವಸ್ತು ಸೆಳೆಯುವುದೆಂತು? ಎಳನೀರಿಗೆ ಕೊಳವೆಯಿಟ್ಟು ಕುಡಿಯುವಾಗಲೂ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯೇ. ಅದರ ಬಲವನ್ನು ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಓಟೊ ಫಾನ್ ಗೆರಿಕೆ 17ನೆಯ ಶತಮಾನದಲ್ಲಿಯೇ ತೋರಿಸಿದ್ದನು: ಗಾಳಿ ತೆಗೆದ ಎರಡು ಅರೆಗೋಳಗಳನ್ನು ಕುದುರೆಗಳ ತಂಡಗಳೂ ಬೇರ್ಪಡಿಸಲಾರದೆ ಹೋದವು. ಲೆಕ್ಕವೂ ಸುಲಭ. ಪೊರೆಯ ವ್ಯಾಸ 20 ಸೆಂಟಿಮೀಟರಾದರೆ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರು. ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿನಷ್ಟು ಒತ್ತಡದ ಅಂತರವಿದ್ದರೂ ಒಟ್ಟು ಬಲ ಒಂದೂವರೆ ಕ್ವಿಂಟಲನ್ನು ಮೀರುತ್ತದೆ.

ಈ ವ್ಯಾನಿನಲ್ಲಿ ಒಂದು ತೊಡಕುಂಟು. ಎಂಜಿನ್ನು ಹಿಂಭಾಗದಲ್ಲಿ, ಮಾಸ್ಟರ್ ಸಿಲಿಂಡರ್ ಮುಂಭಾಗದಲ್ಲಿ. ಹೀಗಾಗಿ ಗಾಡಿಯ ಉದ್ದಕ್ಕೂ ನೆಲದಡಿಯಲ್ಲಿ ಕೊಳವೆ ಹಾಯಿಸಬೇಕು. ಸಾಮಾನ್ಯ ಮೆದು ರಬ್ಬರಿನ ಕೊಳವೆ ಒಳಗೆ ಗಾಳಿ ಕಡಮೆಯಾದೊಡನೆ ಚಪ್ಪಟೆಯಾಗುತ್ತದೆ. ಈ ಕೆಲಸಕ್ಕೆಂದೇ ಮಾಡಿದ ಗಟ್ಟಿ ಕೊಳವೆ ಬೇಕು. ನಡುವೆ ಏಕಮುಖ ಕವಾಟವೂ ಇರತಕ್ಕದ್ದು. ಅದಿದ್ದರೆ ಎಂಜಿನ್ನು ನಿಂತಮೇಲೂ ಒಂದೆರಡು ಬಾರಿ ತುಳಿಯುವಷ್ಟು ನೆರವು ಡಬ್ಬಿಯಲ್ಲಿ ಉಳಿದಿರುತ್ತದೆ. ಆಮೇಲೆ ಬ್ರೇಕು ಇಲ್ಲವಾಗುವುದಿಲ್ಲ, ಪೆಡಲು ಮಾತ್ರ ಬಹಳ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ ಪೆಟ್ರೋಲು ಉಳಿಸುವ ಆಸೆಯಿಂದ ಎಂಜಿನ್ನನ್ನು ಆರಿಸಬಾರದೆಂಬುದಕ್ಕೆ ಇದೊಂದು ಕಾರಣ.

ಇನ್ನು ಮುಖ್ಯವಾದ ಮಾತು. ಸರ್ವೊ ಹೆಚ್ಚಿಸುವುದು ಪಾದದ ಬಲವನ್ನು, ಡ್ರಮ್ಮಿನ ಶಕ್ತಿಯನ್ನಲ್ಲ. ಸಾಮಾನು, ಜನ ಸೇರಿ 1,500 ಕಿಲೋಗ್ರಾಮ್ ತೂಗುವ ವ್ಯಾನು ಗಂಟೆಗೆ 80 ಕಿಲೋಮೀಟರ್ ವೇಗದಿಂದ ಬಂದು ನಿಂತಾಗ ಬ್ರೇಕಿನಲ್ಲಿ ಹುಟ್ಟುವ ಶಾಖ ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅದೇ ವ್ಯಾನು ಒಂದು ಸಾವಿರ ಮೀಟರ್ ಎತ್ತರದಿಂದ ಬ್ರೇಕನ್ನೇ ನಂಬಿ ಇಳಿದರೆ ನಲವತ್ತು ಲೀಟರಿಗೆ ಸಾಲುವಷ್ಟು ಶಾಖ! ಆಸ್ಟ್ರಿಯದ ಗ್ರೋಸ್‌ಗ್ಲಾಕ್ನರ್ ಪರ್ವತಮಾರ್ಗ 1935ರಲ್ಲಿ ತೆರೆದದ್ದು. 48 ಕಿಲೋಮೀಟರ್ ಉದ್ದದಲ್ಲಿ 36 ಹಿಮ್ಮುರಿ ತಿರುವುಗಳು. ಅಂಥ ಕಡೆ ಡ್ರಮ್ಮು ಕಾದು ಹಿಗ್ಗುತ್ತದೆ, ಷೂಗಳ ಹಿಡಿತ ಸಡಿಲುತ್ತದೆ. ತೇವ ಹೀರಿದ ಹಳೆಯ ದ್ರವ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ತಾಗುತ್ತದೆ. ಆಗ ಸರ್ವೊ ಏನೂ ಮಾಡಲಾರದು. ಹತ್ತುವಾಗ ಬಳಸಿದ ಕೆಳ ಗೇರಿನಲ್ಲಿಯೇ ಇಳಿಯುವುದು ಅಲ್ಲಿ ಪ್ರಾಣವನ್ನು ಕಾಯುತ್ತದೆ.

ಇನ್ನೊಂದು ಸೂಕ್ಷ್ಮವೂ ಉಂಟು. ಡ್ರಮ್ಮು ತಿರುಗುವಾಗ ಮುಂದಿನ ಷೂವನ್ನು ತಾನೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಸರ್ವೊ ಬಲವೂ ಸೇರಿದರೆ, ಮಳೆಯ ರಸ್ತೆಯಲ್ಲಿ ಚಕ್ರ ಕಚ್ಚಿ ಜಾರುವ ಭಯವುಂಟು. ಡಿಸ್ಕ್ ಬ್ರೇಕಿಗೆ ಈ ಸ್ವಯಂಬಲವಿಲ್ಲ; ಹೆಚ್ಚಿನ ಒತ್ತಡ ಬೇಕು; ಸರ್ವೊ ಅದಕ್ಕೆ ತಕ್ಕ ಜೊತೆ. ಫೋಕ್ಸ್‌ವ್ಯಾಗನ್ನಿನವರು ಈ ವ್ಯಾನಿನ ಎರಡನೆಯ ತಲೆಮಾರಿಗೆ 1971ರ ಮಾದರಿಯಿಂದ ಮುಂದಿನ ಚಕ್ರಗಳಲ್ಲಿ ಡಿಸ್ಕನ್ನೇ ಇಟ್ಟರು.

ಆದುದರಿಂದ ಅನುಕ್ರಮ ಹೀಗಿರಲಿ: ಮೊದಲು ಸವೆದ ಷೂ, ಸೋರುವ ಸಿಲಿಂಡರು, ಬಿರುಕುಬಿಟ್ಟ ಕೊಳವೆ, ಹಳೆಯ ದ್ರವ, ಟೈರು ಇವನ್ನು ಸರಿಪಡಿಸುವುದು, ಸಾಧ್ಯವಾದರೆ ಮುಂದಿನ ಚಕ್ರಗಳಿಗೆ ಡಿಸ್ಕು, ಸರ್ವೊ ಕೊನೆಗೆ, ಬ್ರೇಕಿನ ಕೆಲಸ ಬಲ್ಲ ಮೆಕ್ಯಾನಿಕ್ಕಿನ ಕೈಯಿಂದ. ಜೋಡಿಸಿದ ಮೇಲೆ ಪರೀಕ್ಷೆ ಯಾರಾದರೂ ಮಾಡಬಹುದು. ಸಮನೆಲದಲ್ಲಿ ಎಂಜಿನ್ನು ಆರಿಸಿ, ಪೆಡಲು ಬಿಗಿಯಾಗುವವರೆಗೆ ಹಲವು ಸಲ ತುಳಿಯಿರಿ. ಪಾದವನ್ನು ಅದರ ಮೇಲೆಯೇ ಒತ್ತಿಟ್ಟು ಎಂಜಿನ್ನನ್ನು ಚಾಲೂ ಮಾಡಿರಿ. ಪೆಡಲು ತುಸು ಕೆಳಕ್ಕೆ ಇಳಿದರೆ ಸರ್ವೊ ಕೆಲಸಮಾಡುತ್ತಿದೆ ಎಂದರ್ಥ. ಇಳಿಯದಿದ್ದರೆ ಅದನ್ನು ಸರಿಪಡಿಸುವವರೆಗೆ ಹೆಂಡಿರುಮಕ್ಕಳನ್ನು ಕೂರಿಸಿಕೊಂಡು ಹೊರಡಬಾರದು.