ಒಂದು ಜರ್ಮನ್ ಕುಟುಂಬದ ಅಮೆರಿಕಾ ವಲಸೆ: ಆಕರಗಳ ಪರಿಶೀಲನೆ

ವಂಶದ ಮೂಲವನ್ನರಸುವುದು ಕೇವಲ ಮನೆತನದ ಅಭಿಮಾನಕ್ಕೆ ಸಂಬಂಧಿಸಿದ ವಿಷಯವೆಂದು ಭಾವಿಸುವವರುಂಟು. ಆದರೆ ಸಾಮಾನ್ಯ ಜನರ ವಲಸೆಯ ಇತಿಹಾಸವನ್ನು ರಚಿಸಲು ಅರಸರ ಆಜ್ಞೆಗಳೂ ರಾಜ್ಯಗಳ ಒಪ್ಪಂದಗಳೂ ಸಾಲವು. ಒಂದೊಂದು ಕುಟುಂಬದ ಹಾದಿಯನ್ನು ಹಂತಹಂತವಾಗಿ ಅನುಸರಿಸಿದಾಗಲೇ ಅದರ ನಿಜಸ್ವರೂಪವು ಗೋಚರವಾಗುತ್ತದೆ. 1709ರಲ್ಲಿ ಜರ್ಮನಿಯನ್ನು ತೊರೆದು ಅಮೆರಿಕೆಯನ್ನು ಸೇರಿದ ವೈಸರ್ ಕುಟುಂಬವನ್ನು ನಿದರ್ಶನವಾಗಿಟ್ಟುಕೊಂಡು, ಇಂತಹ ಶೋಧನೆಯ ಕ್ರಮವನ್ನೂ ಅದರ ತೊಡಕುಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಲಸೆಯ ಹಿನ್ನೆಲೆಯನ್ನು ಗಮನಿಸಬೇಕು. ಫ್ರೆಂಚ್ ಸೈನ್ಯಗಳ ಹಾವಳಿಯಿಂದ ರೈನ್ ನದಿಯ ಪ್ರಾಂತ್ಯಗಳು ಬಡವಾಗಿದ್ದವು. 1708-09ರ ಚಳಿಗಾಲ ಅತಿ ಕಠಿಣವಾಗಿ, ದ್ರಾಕ್ಷಿಯ ಬಳ್ಳಿಗಳು ಸಹ ಹೆಪ್ಪುಗಟ್ಟಿ ನಾಶವಾದವು. ಇದೇ ವೇಳೆಗೆ ಕೋಖರ್ತಾಲ್ ಎಂಬ ಪಾದ್ರಿಯು ಅಮೆರಿಕೆಯ ನೆಲವನ್ನು ಹೊಗಳಿ ಬರೆದ ಪುಸ್ತಿಕೆ ಊರೂರುಗಳಲ್ಲಿ ಪ್ರಚಾರದಲ್ಲಿತ್ತು. 1709ರಲ್ಲಿ ಸುಮಾರು 13,000 ಜನರು ರೈನ್ ನದಿಯ ಮಾರ್ಗವಾಗಿ ರಾಟರ್‌ಡ್ಯಾಮಿಗೆ ಬಂದು, ಅಲ್ಲಿಂದ ಲಂಡನ್ ಸೇರಿದರು. ನಗರದ ಹೊರವಲಯದಲ್ಲಿ ಡೇರೆಗಳನ್ನು ಹಾಕಿಸಿ ಸರ್ಕಾರವು ಅವರನ್ನು ಇರಿಸಬೇಕಾಯಿತು.

ಶೋಧಕನಿಗೆ ಎದುರಾಗುವ ಮೊದಲ ತೊಡಕು ಇಲ್ಲಿಯೇ ಇದೆ. ಇಂಗ್ಲಿಷ್ ಅಧಿಕಾರಿಗಳು ಇವರೆಲ್ಲರನ್ನೂ ‘ಪ್ಯಾಲಟೈನರು’ ಎಂದು ಒಂದೇ ಹೆಸರಿನಿಂದ ಕರೆದರು. ವಸ್ತುತಃ ಇವರಲ್ಲಿ ಹೆಸ್ಸೆ, ನಸ್ಸೌ, ವ್ಯೂರ್ಟೆಂಬರ್ಗ್ ಮೊದಲಾದ ಬೇರೆ ರಾಜ್ಯಗಳವರೂ ಅನೇಕರಿದ್ದರು. ಆ ಹೆಸರನ್ನು ನಂಬಿ ಪ್ಯಾಲಟಿನೇಟ್ ಪ್ರಾಂತ್ಯದ ದಾಖಲೆಗಳನ್ನೇ ಹುಡುಕುವವನಿಗೆ ವೈಸರ್ ಕುಟುಂಬದ ಮೂಲ ಎಂದಿಗೂ ಸಿಕ್ಕಲಾರದು. ಅದರ ಊರು ವ್ಯೂರ್ಟೆಂಬರ್ಗಿನ ಗ್ರೋಸ್ ಆಸ್ಪಾಖ್. (1836ರಲ್ಲಿ ಮಂಗಳೂರಿಗೆ ಬಂದು ಕನ್ನಡಕ್ಕೆ ಸೇವೆ ಸಲ್ಲಿಸಿದ ಹರ್ಮನ್ ಮೋಗ್ಲಿಂಗರ ನಾಡೂ ಇದೇ ವ್ಯೂರ್ಟೆಂಬರ್ಗ್.)

ಊರು ತಿಳಿದಮೇಲೆ ಮುಖ್ಯ ಆಕರವೆಂದರೆ ಅಲ್ಲಿನ ಚರ್ಚಿನ ದಾಖಲೆ ಪುಸ್ತಕ. ಆ ರಾಜ್ಯದಲ್ಲಿ ಹದಿನಾರನೆಯ ಶತಮಾನದ ನಡುಭಾಗದಿಂದಲೇ ದೀಕ್ಷಾಸ್ನಾನ ಮತ್ತು ವಿವಾಹಗಳನ್ನು ಬರೆದಿಡುವ ಪದ್ಧತಿಯಿತ್ತು. ಮೂವತ್ತು ವರ್ಷಗಳ ಯುದ್ಧದಲ್ಲಿ (1618-48) ಹಲವೆಡೆ ಇಂತಹ ಪುಸ್ತಕಗಳು ಸುಟ್ಟುಹೋದುವಾದರೂ ಉಳಿದವು ಅಮೂಲ್ಯವಾದುವು. ಇಲ್ಲಿಯೂ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ಹುಟ್ಟಿದ ಊರೇ ಪೂರ್ವಿಕರ ಊರಾಗಿರಬೇಕೆಂಬ ನಿಯಮವಿಲ್ಲ. ತಂದೆ ಸೈನ್ಯದಲ್ಲಿದ್ದಾಗ ಹುಟ್ಟಿದ ಮಗ ಕೊನ್ರಾಡನ ಜನ್ಮಸ್ಥಳ (1696) ಆಫ್‌ಸ್ಟೆಟ್ ಎಂಬ ಬೇರೊಂದು ಹಳ್ಳಿ. ಎರಡು, ತಂದೆಗೂ ಮಗನಿಗೂ ‘ಯೋಹಾನ್ ಕೊನ್ರಾಡ್’ ಎಂಬುದೇ ಹೆಸರು. ಒಂದೇ ಮನೆಯ ಹಲವು ಗಂಡುಮಕ್ಕಳಿಗೆ ‘ಯೋಹಾನ್’ ಎಂದು ಮೊದಲ ಹೆಸರಿಟ್ಟು ಎರಡನೆಯ ಹೆಸರಿನಿಂದ ಕರೆಯುವುದು ಅಲ್ಲಿನ ರೂಢಿ. ಇದನ್ನರಿಯದವರು ಇಬ್ಬರನ್ನು ಒಬ್ಬನೆಂದೂ ಒಬ್ಬನನ್ನು ಇಬ್ಬರೆಂದೂ ಎಣಿಸಿಬಿಡುತ್ತಾರೆ.

ಕೊನ್ರಾಡನು ಮುಂದೆ ತನ್ನ ಮಕ್ಕಳಿಗಾಗಿ ಬರೆದಿಟ್ಟ ಆತ್ಮವೃತ್ತಾಂತವು ಎರಡನೆಯ ಬಗೆಯ ಆಕರ. 1709ರಲ್ಲಿ ತಾಯಿ ತೀರಿಕೊಂಡುದು, ತಂದೆ ಎಂಟು ಮಕ್ಕಳೊಡನೆ ಊರು ಬಿಟ್ಟುದು, ಮದುವೆಯಾಗಿದ್ದ ಹಿರಿಯ ಮಗಳಿಗೆ ಮನೆ ಹೊಲಗಳನ್ನು ಬಿಟ್ಟುಬಂದುದು ಅದರಿಂದ ತಿಳಿಯುತ್ತದೆ. ಆದರೆ ನೆನಪು ಸಂಖ್ಯೆಗಳ ವಿಷಯದಲ್ಲಿ ತಪ್ಪುತ್ತದೆ. ಹಡಗುಗಳಲ್ಲಿ ನಾಲ್ಕು ಸಾವಿರ ಜನರಿದ್ದರೆಂದು ಅವನು ಬರೆದಿದ್ದಾನೆ. ಸರ್ಕಾರದ ಕಾಗದಪತ್ರಗಳ ಪ್ರಕಾರ ಹೊರಟವರು ಸುಮಾರು ಮೂರು ಸಾವಿರ. ಇವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಪ್ರಯಾಣದಲ್ಲಿಯೂ 1710ರ ಬೇಸಗೆಯಲ್ಲಿ ನ್ಯೂಯಾರ್ಕ್ ಮುಟ್ಟಿದ ಕೂಡಲೆಯೂ ಮೃತರಾದರು.

ಮೂರನೆಯ ಆಕರ ಗವರ್ನರ್ ಹಂಟರನು ಇಡಿಸಿದ ಪಡಿಯ ಲೆಕ್ಕಗಳು. ನೌಕಾಪಡೆಗೆ ಬೇಕಾದ ಡಾಮರನ್ನು ಹಡ್ಸನ್ ನದಿತೀರದ ಪೈನ್ ಮರಗಳಿಂದ ತಯಾರಿಸುವುದು ಈ ವಲಸಿಗರಿಗೆ ವಿಧಿಸಿದ್ದ ಕೆಲಸ. ಅವರಿಗೆ ಕೊಟ್ಟ ಪಡಿಯ ಪಟ್ಟಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಉಳಿದವರು ‘ಹತ್ತು ವರ್ಷಕ್ಕೆ ಮೇಲ್ಪಟ್ಟವರು ಇಷ್ಟು, ಕೆಳಗಿನವರು ಇಷ್ಟು’ ಎಂಬ ಅಂಕಿಗಳಾಗಿದ್ದಾರೆ. ಒಂದು ಪಟ್ಟಿಗೂ ಮುಂದಿನ ಪಟ್ಟಿಗೂ ನಡುವೆ ಆ ಅಂಕಿ ಇಳಿದಿದ್ದರೆ ಅದರ ಹಿಂದೆ ಒಂದು ಮರಣವಾದರೂ ಒಂದು ಅಗಲಿಕೆಯಾದರೂ ಇರಬಹುದು. ವೈಸರನ ಮನೆಯಲ್ಲಿ ಎರಡೂ ಉಂಟು. ತಂದೆ ರೋಗಿಯಾಗಿದ್ದಾಗ ಇಬ್ಬರು ಹುಡುಗರನ್ನು ಲಾಂಗ್ ಐಲೆಂಡಿನಲ್ಲಿ ಪರರ ಬಳಿ ಕೆಲಸಕ್ಕೆ ಕರಾರು ಮಾಡಿಕೊಡಲಾಯಿತು. ಕಿರಿಯ ಮಗ ಅದೇ ಚಳಿಗಾಲದಲ್ಲಿ ತೀರಿಕೊಂಡನು. ಪಟ್ಟಿಯ ಅಂಕಿಗೆ ಹೆಸರು ದೊರೆಯುವುದು ಚರ್ಚಿನ ಪುಸ್ತಕವನ್ನೂ ಆತ್ಮವೃತ್ತಾಂತವನ್ನೂ ಅದರೊಡನೆ ಇಟ್ಟು ನೋಡಿದಾಗಲೇ.

ಡಾಮರಿನ ಯೋಜನೆ ವಿಫಲವಾಗಿ 1712ರಲ್ಲಿ ಪಡಿ ನಿಂತಿತು. ಅನೇಕರು ವೈಸರನ ಮುಂದಾಳುತನದಲ್ಲಿ ಸ್ಕೋಹಾರಿ ಕಣಿವೆಗೆ ಹೋದರು. ಅಲ್ಲಿ ಮೊಹಾಕ್ ಜನರೊಡನೆ ಕೆಲವು ತಿಂಗಳು ವಾಸಿಸಿದ ಹುಡುಗ ಕೊನ್ರಾಡ್ ಅವರ ಭಾಷೆಯನ್ನು ಕಲಿತು, ಮುಂದೆ 1729ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ಆ ಪ್ರಾಂತ್ಯದ ಪ್ರಖ್ಯಾತ ದುಭಾಷಿಯಾದನು. ಅವನ ಮಗಳ ಮಗನಾದ ಫ್ರೆಡರಿಕ್ ಮ್ಯೂಲೆನ್‌ಬರ್ಗನು 1789ರಲ್ಲಿ ಅಮೆರಿಕೆಯ ಪ್ರತಿನಿಧಿಸಭೆಯ ಪ್ರಥಮ ಅಧ್ಯಕ್ಷನಾದನು.

ಹೀಗೆ ಕೀರ್ತಿ ಪಡೆದ ಮನೆತನದ ಜಾಡು ಹಿಡಿಯುವುದು ಅಷ್ಟು ಕಷ್ಟವಲ್ಲ. ಮ್ಯೂಲರನು ಮಿಲ್ಲರನಾಗಿ, ಬಡಗಿ ಎಂಬರ್ಥದ ಟ್ಸಿಮ್ಮರ್‌ಮಾನನು ಕಾರ್ಪೆಂಟರನಾಗಿ ಜನಸಮುದಾಯದಲ್ಲಿ ಬೆರೆತುಹೋದ ಕುಟುಂಬಗಳ ವಿಷಯದಲ್ಲಿಯೇ ಶೋಧಕನ ತಾಳ್ಮೆಗೆ ನಿಜವಾದ ಪರೀಕ್ಷೆ. ಅಲ್ಲಿಯೂ ಮಾರ್ಗ ಇದೇ: ತಿಳಿದುದರಿಂದ ತಿಳಿಯದುದರ ಕಡೆಗೆ ಹಿಮ್ಮುಖವಾಗಿ ನಡೆಯುವುದು, ಒಂದು ಆಕರದ ಮಾತನ್ನು ಇನ್ನೊಂದರ ಒರೆಗಲ್ಲಿಗೆ ಹಚ್ಚುವುದು, ಹೆಸರು ಹೊಂದಿತೆಂಬ ಮಾತ್ರಕ್ಕೆ ಸಂಬಂಧ ಕಲ್ಪಿಸದಿರುವುದು. ವಲಸೆಯ ಇತಿಹಾಸದಲ್ಲಿ ಬರಿಯ ಅಂಕಿಗಳಾಗಿ ಉಳಿದವರಿಗೆ ಅವರ ಹೆಸರನ್ನು ಮರಳಿ ಕೊಡಲು ಬೇರೆ ಸಮೀಪದ ದಾರಿಯಿಲ್ಲ.