ಪೈಪು ದಣಿಯುವುದು ಎಲ್ಲಿ?

ಪೀಣ್ಯದ ಕಾರ್ಖಾನೆಗಳಿಗೆ ಟ್ರಾಲಿ, ಮೋಟಾರ್ ಸ್ಟ್ಯಾಂಡ್, ಕನ್ವೇಯರ್ ಚೌಕಟ್ಟು ಮಾಡಿಕೊಡುವ ಲಗ್ಗೆರೆಯ ಶೆಡ್ಡುಗಳಲ್ಲಿ ಗಿರಾಕಿಯ ಮೊದಲ ಪ್ರಶ್ನೆ ಪೈಪಿನದು: ಬಿ ಕ್ಲಾಸಾ, ಸಿ ಕ್ಲಾಸಾ? ಸಿ ಕ್ಲಾಸಿನ ಗೋಡೆ ಹೆಚ್ಚು ದಪ್ಪ; ಗೋಡೆ ದಪ್ಪಗಿದ್ದರೆ ಚೌಕಟ್ಟು ಗಟ್ಟಿ ಎಂಬ ಲೆಕ್ಕ. ಸುಮ್ಮನೆ ಕೂತ ಭಾರಕ್ಕೆ ಈ ಲೆಕ್ಕ ಸಾಕು. ಅದುರುವ ಯಂತ್ರದ ಕೆಳಗೆ ಮಾತ್ರ ಇದು ಕೈಕೊಡುತ್ತದೆ.

ಬೈಂಡಿಂಗ್ ವೈರನ್ನು ಒಮ್ಮೆ ಬಗ್ಗಿಸಿದರೆ ಏನೂ ಆಗದು. ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ತುಂಡಾಗುತ್ತದೆ. ಲೋಹಕ್ಕೂ ದಣಿವಿದೆ. ಹತ್ತೊಂಬತ್ತನೇ ಶತಮಾನದಲ್ಲಿ ರೈಲಿನ ಅಚ್ಚುಗಳು ಮುರಿಯುವುದೇಕೆಂದು ವರ್ಷಗಟ್ಟಲೆ ಪರೀಕ್ಷಿಸಿದ ಜರ್ಮನಿಯ ಆಗಸ್ಟ್ ವೋಲರ್ ಕಂಡುಕೊಂಡದ್ದು ಇದನ್ನೇ: ಗರಿಷ್ಠ ಭಾರಕ್ಕಿಂತ, ಒತ್ತಡ ಎಷ್ಟು ಏರಿಳಿಯುತ್ತದೆ, ಎಷ್ಟು ಸಲ ಏರಿಳಿಯುತ್ತದೆ ಎಂಬುದೇ ಆಯಸ್ಸನ್ನು ತೀರ್ಮಾನಿಸುತ್ತದೆ.

ಪೈಪಿಗೆ ಪೈಪು ಬೆಸೆದಾಗ ಈ ಒತ್ತಡ ಎಲ್ಲೆಡೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಅಡ್ಡ ಪೈಪಿನ ತುದಿ ಮುಖ್ಯ ಪೈಪಿನ ಟೊಳ್ಳು ಗೋಡೆಯನ್ನು ತಳ್ಳುತ್ತದೆ, ಎಳೆಯುತ್ತದೆ. ಗೋಡೆ ಕೆಲವೆಡೆ ಸಲೀಸಾಗಿ ಬಗ್ಗುತ್ತದೆ, ಕೆಲವೆಡೆ ಬಿಗಿಯಾಗಿ ನಿಲ್ಲುತ್ತದೆ. ಬಿಗಿಯಾಗಿ ನಿಂತ ಜಾಗದ ಮೇಲೆಯೇ ಹೊರೆಯೆಲ್ಲ ಬೀಳುತ್ತದೆ. ನೇರವಾಗಿ ಎಳೆದು ಒತ್ತುವ ಭಾರಕ್ಕೆ, ಟಿ ಆಕಾರದ ಕೂಡಿಕೆಯಲ್ಲಿ ಆ ಜಾಗ ಸಾಮಾನ್ಯವಾಗಿ ಎರಡು ಪಕ್ಕಗಳಲ್ಲಿ ಇರುತ್ತದೆ, ಮೀನಿನ ಬಾಯಿಯಂತೆ ಕತ್ತರಿಸಿದ ತುದಿ ಮುಖ್ಯ ಪೈಪನ್ನು ಅಪ್ಪಿ ಕೆಳಗಿಳಿಯುವಲ್ಲಿ. ಪೈಪಿನ ಸರಾಸರಿ ಒತ್ತಡದ ಐದು, ಹತ್ತು ಪಟ್ಟು ಕೂಡ ಅಲ್ಲಿ ಸೇರಬಹುದು. ಎಂಜಿನಿಯರುಗಳು ಅದನ್ನು ಹಾಟ್ ಸ್ಪಾಟ್ ಎನ್ನುತ್ತಾರೆ.

ಅದನ್ನು ಅಳೆಯುವ ಉಪಾಯ ಜಾಣತನದ್ದು. ವೆಲ್ಡಿನ ಅಂಚಿನಲ್ಲೇ ಅಳೆಯಲು ಹೋದರೆ ಒಂದೊಂದು ವೆಲ್ಡ್ ಬೀಡ್‌ಗೂ ಒಂದೊಂದು ಉತ್ತರ ಸಿಗುತ್ತದೆ. ಆದ್ದರಿಂದ ಅಂಚಿನಿಂದ ಸ್ವಲ್ಪ ದೂರದಲ್ಲಿ ಎರಡು ಕಡೆ ಸ್ಟ್ರೈನ್ ಗೇಜ್ ಅಂಟಿಸಿ, ಸಿಕ್ಕ ಅಂಕಿಗಳ ಮೇಲೆ ಗೆರೆ ಎಳೆದು, ಆ ಗೆರೆಯನ್ನು ಅಂಚಿನವರೆಗೆ ಮುಂದುವರಿಸಿ ಓದುತ್ತಾರೆ. ಗೇಜ್ ಅಂಟಿಸದೆ ಲೆಕ್ಕದಲ್ಲೇ ಊಹಿಸಲು 1988ರಲ್ಲಿ ಎಂಜಿನಿಯರ್ ಎಫ್ತಿಮಿಯು ಕೊಟ್ಟ ಸೂತ್ರಗಳು ಕಡಲ ತೈಲ ವೇದಿಕೆಗಳ ವಿನ್ಯಾಸದಲ್ಲಿ ಇಂದಿಗೂ ಬಳಕೆಯಲ್ಲಿವೆ.

ಲೆಕ್ಕ ನಿರ್ದಯವಾದದ್ದು. ಹಾಟ್ ಸ್ಪಾಟಿನಲ್ಲಿ ಏರಿಳಿತ 100 ಮೆಗಾಪಾಸ್ಕಲ್, ಅಂದರೆ ಚದರ ಮಿಲಿಮೀಟರಿಗೆ ಸುಮಾರು 10 ಕೆ.ಜಿ. ಇದ್ದರೆ, ವಿನ್ಯಾಸದ ಆಯಸ್ಸು ಸ್ಥೂಲವಾಗಿ 20 ಲಕ್ಷ ಸುತ್ತು. ಏರಿಳಿತ ಎರಡು ಪಟ್ಟಾದರೆ ಆಯಸ್ಸು ಅರ್ಧಕ್ಕಲ್ಲ, ಎಂಟನೇ ಒಂದಕ್ಕೆ ಇಳಿಯುತ್ತದೆ: ಎರಡೂವರೆ ಲಕ್ಷ. 20 ಲಕ್ಷ ಬಹಳ ಅನ್ನಿಸಬಹುದು. ನಿಮಿಷಕ್ಕೆ 1,440 ಸುತ್ತುವ ಮೋಟಾರು ಸುತ್ತಿಗೊಮ್ಮೆ ಅದುರಿಸಿದರೆ ಅಷ್ಟೂ ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ಹೀಗೆ ಲಕ್ಷಗಟ್ಟಲೆ ಸಲ ಎಳೆದು ಒತ್ತಿ ಮಾದರಿಗಳ ಆಯಸ್ಸು ನೋಡುವ ಸರ್ವೋ ಹೈಡ್ರಾಲಿಕ್ ಯಂತ್ರಗಳು ಪಕ್ಕದ ಪೀಣ್ಯದಲ್ಲೇ ತಯಾರಾಗುತ್ತವೆ. ಬಿಸ್ ಕಂಪನಿಯದು ಇದೇ ಕೆಲಸ.

ಈಗ ಸಿ ಕ್ಲಾಸಿನ ಮಾತು. ಎಫ್ತಿಮಿಯು ಸೂತ್ರವನ್ನು ಬಿಡಿಸಿ ನೋಡಿದರೆ, ಅಡ್ಡ ಪೈಪಿನ ಗೋಡೆ ದಪ್ಪ ಮಾಡಿದ್ದರಿಂದ ಮುಖ್ಯ ಪೈಪಿನ ಹಾಟ್ ಸ್ಪಾಟಿಗೆ ಹೆಚ್ಚುಕಡಿಮೆ ಯಾವ ಲಾಭವೂ ಇಲ್ಲ. ಅಡ್ಡ ಪೈಪಿನಲ್ಲಿ ಸರಾಸರಿ ಒತ್ತಡ ಇಳಿಯುವುದೇನೋ ನಿಜ; ಅದು ಇಳಿದಷ್ಟೇ ಪಾಲು ಕೂಡಿಕೆಯ ಪಟ್ಟು ಏರುತ್ತದೆ. ಮುಖ್ಯ ಪೈಪಿನ ಗೋಡೆಯನ್ನು 4 ಮಿ.ಮೀ.ನಿಂದ 5ಕ್ಕೆ ಏರಿಸಿ ನೋಡಿ: ಟಿ ಕೂಡಿಕೆಯ ಪಕ್ಕದಲ್ಲಿ ಒತ್ತಡ ಮೂರನೇ ಒಂದಕ್ಕಿಂತ ಹೆಚ್ಚು ಇಳಿದು, ಆಯಸ್ಸು ಸುಮಾರು ನಾಲ್ಕು ಪಟ್ಟಾಗುತ್ತದೆ. ದುಡ್ಡು ಹಾಕುವುದಿದ್ದರೆ ಅಲ್ಲಿ ಹಾಕಬೇಕು.

ಉತ್ತಮ ದರ್ಜೆಯ ಉಕ್ಕೂ ಇಲ್ಲಿ ಕೈ ಹಿಡಿಯುವುದಿಲ್ಲ. ಐಎಸ್ 1161 ಮಾನಕದ ಪೈಪಿನಲ್ಲಿ 240ರ ಬದಲು 310ರ ದರ್ಜೆ ಕೊಂಡರೂ ವೆಲ್ಡಿನ ಆಯಸ್ಸು ಹಿಗ್ಗದು. ವೆಲ್ಡಿನ ಅಂಚಿನಲ್ಲಿ ಅಂಡರ್‌ಕಟ್, ಸಿಕ್ಕಿಕೊಂಡ ಸ್ಲ್ಯಾಗಿನ ಚೂರು ಮೊದಲ ದಿನದಿಂದಲೇ ಬಿರುಕಿನಂತೆ ವರ್ತಿಸುತ್ತವೆ. ಆ ಬಿರುಕು ಬೆಳೆಯುವ ವೇಗ ಯಾವ ದರ್ಜೆಯ ಉಕ್ಕಿನಲ್ಲೂ ಹೆಚ್ಚುಕಡಿಮೆ ಒಂದೇ.

ಲೆಕ್ಕಕ್ಕೇ ತೆಗೆದುಕೊಳ್ಳದ ವೆಲ್ಡು ಎಷ್ಟು ದೊಡ್ಡ ಅನಾಹುತ ಮಾಡಬಲ್ಲದು ಎನ್ನುವುದಕ್ಕೆ ಉತ್ತರ ಸಮುದ್ರದ ಅಲೆಕ್ಸಾಂಡರ್ ಕೀಲ್ಲಾಂಡ್ ವೇದಿಕೆಯೇ ಸಾಕ್ಷಿ. ತೈಲ ಕೆಲಸಗಾರರ ತೇಲುವ ವಸತಿಯಾಗಿದ್ದ ಅದು 1980ರ ಮಾರ್ಚ್ 27ರಂದು ಮಗುಚಿ, ಅದರಲ್ಲಿದ್ದ 212 ಮಂದಿಯಲ್ಲಿ 123 ಮಂದಿ ಸತ್ತರು. ಒಂದು ಕಾಲಿಗೆ ಆಸರೆಯಾಗಿದ್ದ ದೈತ್ಯ ಅಡ್ಡ ಪೈಪಿಗೆ ಹೈಡ್ರೋಫೋನ್ ಎಂಬ ಸಣ್ಣ ಉಪಕರಣ ಕೂರಿಸಲು ಹಾಕಿದ್ದ 6 ಮಿ.ಮೀ. ವೆಲ್ಡಿನಲ್ಲಿ ಬಿರುಕು ಹುಟ್ಟಿತ್ತು. ಭಾರ ಹೊರುವ ವೆಲ್ಡು ಅದಲ್ಲವೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬಿರುಕಿನೊಳಗೆ ಪೇಂಟ್ ಸಿಕ್ಕಿತು. ಅಂದರೆ ಪೇಂಟ್ ಹೊಡೆಯುವ ಮೊದಲೇ ಅದು ಬಾಯಿ ಬಿಟ್ಟಿತ್ತು.

ನಮ್ಮ ಶೆಡ್ಡುಗಳಲ್ಲಿ ವೆಲ್ಡನ್ನು ನುಣ್ಣಗೆ ಗ್ರೈಂಡ್ ಮಾಡಿ, ಪಟ್ಟಿ ಮೆತ್ತಿ, ಪೇಂಟ್ ಹೊಡೆಯುವುದು ಅಂದಕ್ಕೆ. ಬೀಡಿನ ನೆತ್ತಿ ಸವೆಸಿದರೆ ವೆಲ್ಡು ತೆಳ್ಳಗಾಗುತ್ತದೆ ಅಷ್ಟೆ. ಬೀಡು ಪೈಪನ್ನು ಮುಟ್ಟುವ ಅಂಚಿನಲ್ಲಿ ಮಾತ್ರ, ಅಂಡರ್‌ಕಟ್ ಮಾಯವಾಗುವಷ್ಟು ಹಗುರವಾಗಿ ಗ್ರೈಂಡ್ ಮಾಡಿದರೆ ಆಯಸ್ಸು ಎರಡು ಪಟ್ಟು ದಾಟುವುದುಂಟು. ಆಮೇಲೆ ಕೆಂಪು ಡೈ ಪೆನೆಟ್ರೆಂಟ್ ಸ್ಪ್ರೇ ಹೊಡೆದು, ಒರೆಸಿ, ಬಿಳಿ ಡೆವಲಪರ್ ಹಾಕಿ ಬಿರುಕಿದೆಯೇ ಎಂದು ನೋಡಬೇಕು, ಟಿ ಕೂಡಿಕೆಯ ಆ ಎರಡು ಪಕ್ಕಗಳಲ್ಲಿ ಮೊದಲು. ಪಟ್ಟಿ, ಪೇಂಟು ಅದಾದ ಮೇಲೆ.